ಸಿಗಡಿ ಮತ್ತು ಗಜನಿಯ ತೂಬು

ಭೀಮಾ ತೀರದವರಾದ ನಮಗೆ ಸಮುದ್ರವೆಂಬುದು ಬಹುಮಟ್ಟಿಗೆ ಕಾವ್ಯದಲ್ಲಿ ಓದಿ ತಿಳಿದ ವಸ್ತು. ಕಲಬುರಗಿಯ ಜಗತ್ ವೃತ್ತದಿಂದ ಕುಮಟೆಯ ಕಡಲಿಗೆ ನೇರವಾಗಿ ಗೆರೆ ಎಳೆದರೂ ನಾನೂರು ಕಿಲೋಮೀಟರಿಗೆ ಕಡಿಮೆಯಾಗದು. ಹೀಗಿದ್ದೂ ಈ ಸೀಮೆಯನ್ನಾಳಿದವರು ಕಡಲನ್ನು ಮರೆತವರಲ್ಲ. ಮಾನ್ಯಖೇಟದ ರಾಷ್ಟ್ರಕೂಟ ದೊರೆಯನ್ನು ಅರಬ ವರ್ತಕರು ‘ಬಲ್ಹರಾ’ ಎಂದು ಕರೆದು ತಮ್ಮ ಬರಹಗಳಲ್ಲಿ ಕೊಂಡಾಡಿದ್ದಾರೆ. ಬಹಮನಿ ಸುಲ್ತಾನರ ಕುದುರೆಗಳು ದಾಭೋಳ, ಚೌಲಗಳಂತಹ ಬಂದರುಗಳಲ್ಲಿ ಇಳಿದು ಘಟ್ಟವನ್ನೇರಿ ಬರುತ್ತಿದ್ದವು. ಕುದುರೆ, ಮುತ್ತು, ರೇಷ್ಮೆ: ಚರಿತ್ರೆಕಾರನ ಲೇಖನಿಗೆ ರುಚಿಸಿದ ಕಡಲ ಸರಕುಗಳು ಇಂಥವೇ. ಬಡವರ ಬುಟ್ಟಿಯಲ್ಲಿದ್ದ ಬೆರಳುದ್ದದ ಸಿಗಡಿಗೆ ಚರಿತ್ರೆಯಲ್ಲಿ ಒಂದು ಪುಟ ದೊರೆತದ್ದು ತೀರ ಈಚೆಗೆ.

ಮೀನಿನ ವಿಚಾರವನ್ನು ನಮ್ಮವರು ಬರೆಯಲಿಲ್ಲವೆಂದಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ ರಾಜ್ಯವಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರ, ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ತನ್ನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಹೊಳೆಯ ಮೀನು ಯಾವುದು, ಕಡಲ ಮೀನು ಯಾವುದು, ಯಾವ ಮೀನಿಗೆ ಯಾವ ಎರೆ, ಗಾಳದ ದಾರ ಹೇಗಿರಬೇಕು ಎಂಬುದನ್ನೆಲ್ಲ ಆತ ವಿವರಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದು ಪಂಡಿತರ ಗಮನವನ್ನು ಅತ್ತ ಸೆಳೆದರು. ಆದರೆ ಅದು ಅರಸನ ವಿನೋದ. ಗಾಳವನ್ನೆಳೆದು ಸೆಣಸುವ ದೊಡ್ಡ ಮೀನಿಗೆ ಅಲ್ಲಿರುವ ಮರ್ಯಾದೆ, ಬಲೆಯ ತಳದಲ್ಲಿ ಮುದುಡಿ ಬರುವ ಸಣ್ಣ ಜೀವಕ್ಕೆ ಸಲ್ಲತಕ್ಕದ್ದಲ್ಲ.

ಸಿಗಡಿಗೆ ನಮ್ಮ ಕರಾವಳಿಯಲ್ಲಿ ಊರಿಗೊಂದು ಹೆಸರು. ಕುಂದಾಪುರದವರಿಗೆ ಅದು ಚಟ್ಲಿ, ಉತ್ತರ ಕನ್ನಡದವರಿಗೆ ಶೆಟ್ಲಿ, ತುಳುವರಿಗೆ ಎಟ್ಟಿ, ಕೊಂಕಣಿಗರಿಗೆ ಸುಂಗಟ, ನಮ್ಮ ಕಡೆಯ ದಖನಿ ಮಾತಿನವರಿಗೆ ಝೀಂಗಾ. ಮೀನು ಮಾರುಕಟ್ಟೆಯಲ್ಲಿ ಮೀನಿನೊಡನೆಯೇ ಮಾರಾಟವಾದರೂ ಇದು ಮೀನಲ್ಲ. ಇದಕ್ಕೆ ಬೆನ್ನೆಲುಬಿಲ್ಲ. ಏಡಿ, ಕಡಲೇಡಿಗಳ ಬಳಗಕ್ಕೆ ಸೇರಿದ ಕಠಿಣಚರ್ಮಿ ಇದು. ಜೀವಿಗಳನ್ನೆಲ್ಲ ವರ್ಗಗಳಾಗಿ ವಿಂಗಡಿಸಿದ ಲಿನೇಯಸ್ ಪಂಡಿತ ೧೭೫೮ರ ತನ್ನ ಗ್ರಂಥದಲ್ಲಿ ಏಡಿ ಸಿಗಡಿಗಳನ್ನು ಕೀಟಗಳ ಸಾಲಿನಲ್ಲಿ ಕೂರಿಸಿದ್ದ. ಈಗ ಅದನ್ನು ಕೇಳಿ ನಗುವವರುಂಟು; ಆದರೆ ಕೀಲುಗಾಲು ಮತ್ತು ಹೊರಕವಚಗಳನ್ನು ನೋಡಿದವನಿಗೆ ಜಿರಲೆಯ ನಂಟು ಕಾಣದೆ ಇರದು. ವಂಶಾವಳಿಯ ದೃಷ್ಟಿಯಿಂದ ಕೀಟಗಳು ಕಠಿಣಚರ್ಮಿಗಳ ಒಳಗಿನದೇ ಒಂದು ಕವಲು ಎಂದು ಇಂದಿನ ಜೀವವಿಜ್ಞಾನ ಹೇಳುತ್ತಿರುವಾಗ, ಹಳೆಯ ಪಂಡಿತನನ್ನು ನೋಡಿ ಅಷ್ಟಾಗಿ ನಗಬೇಕಾದುದಿಲ್ಲ.

ಮೈಯ ಅಸ್ಥಿಯನ್ನು ಹೊರಗೆ ತೊಟ್ಟ ಜೀವಕ್ಕೆ ಬೆಳೆಯುವುದೇ ಒಂದು ಕಷ್ಟ. ಕವಚ ಹಿಗ್ಗದು, ಆದುದರಿಂದ ಸಿಗಡಿ ಹಾವಿನಂತೆ ಆಗಾಗ ಪೊರೆ ಕಳಚಬೇಕು. ಹೊಸ ಕವಚ ಗಟ್ಟಿಯಾಗುವವರೆಗಿನ ಕೆಲವು ಗಂಟೆಗಳಲ್ಲಿ ಅದು ಮೆತ್ತಗಿನ ಮಾಂಸದ ಮುದ್ದೆ. ಯಾರೂ ತಿನ್ನಬಹುದು, ಒಡಹುಟ್ಟಿದವೂ ಬಿಡವು. ನಡೆಯುವ ಕಾಲು ಹತ್ತು, ಈಜುವ ಕಾಲು ಇನ್ನೂ ಹತ್ತು. ಕಣ್ಣುಗಳು ತೊಟ್ಟಿನ ಮೇಲೆ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ. ಆದ್ದರಿಂದ ಅದು ಕೆಂಪಲ್ಲ, ತಿಳಿನೀಲಿ. ಬೇಯಿಸಿದಾಗ ಮೈಗೆ ಬರುವ ಕೆಂಬಣ್ಣ ಮೊದಲೂ ಅಲ್ಲಿಯೇ ಇತ್ತು. ಒಂದು ಪ್ರೋಟೀನಿನ ಹಿಡಿತದಲ್ಲಿ ಅಡಗಿದ್ದು, ಬಿಸಿಗೆ ಆ ಹಿಡಿತ ಸಡಿಲಿದಾಗ ಹೊರಗೆ ಕಾಣಿಸಿಕೊಳ್ಳುತ್ತದೆ.

ವ್ಯಾಪಾರದ ದೃಷ್ಟಿಯಿಂದ ಇದರ ಜೀವನಕ್ರಮ ಎಲ್ಲಕ್ಕಿಂತ ಮುಖ್ಯ. ಬೆಲೆಬಾಳುವ ಕಡಲ ಸಿಗಡಿಗಳು ತತ್ತಿಯಿಡುವುದು ಸಮುದ್ರದಲ್ಲಿ. ಲಕ್ಷಗಟ್ಟಲೆ ತತ್ತಿಗಳನ್ನು ತಾಯಿ ನೀರಿಗೆ ಚೆಲ್ಲಿಬಿಡುತ್ತದೆ, ಹೊತ್ತು ತಿರುಗುವುದಿಲ್ಲ. ಒಂದು ದಿನದೊಳಗೆ ತತ್ತಿಯೊಡೆದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಡಿಂಭ ಹೊರಬಂದು, ಎರಡು ಮೂರು ವಾರ ರೂಪದ ಮೇಲೆ ರೂಪ ಬದಲಿಸುತ್ತ ತೇಲುತ್ತದೆ. ಆ ಬಳಿಕ ಕೂದಲೆಳೆಯಂತಹ ಮರಿಯಾಗಿ, ಉಬ್ಬರದ ನೀರಿನೊಡನೆ ನದಿಯ ಅಳಿವೆಯನ್ನು ಹೊಗುತ್ತದೆ. ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ಆ ನೀರಿನಲ್ಲಿ, ಕಾಂಡ್ಲಾ ಗಿಡಗಳ ಬೇರಿನ ನೆರಳಿನಲ್ಲಿ ಕೆಲವು ತಿಂಗಳು ತಿಂದುಂಡು ಬೆಳೆದು, ಪ್ರಾಯಕ್ಕೆ ಬರುವ ಹೊತ್ತಿಗೆ ಕಡಲಿಗೆ ಮರಳುತ್ತದೆ. ಸಿಹಿನೀರಿನ ಸಿಗಡಿಗಳ ಕುಲವೇ ಬೇರೆ. ಅವು ತತ್ತಿಗಳನ್ನು ಹೊಟ್ಟೆಯ ಕೆಳಗೆ ಹೊತ್ತುಕೊಂಡೇ ಇರುತ್ತವೆ. ನಮ್ಮ ಕೃಷ್ಣಾ ನದಿಯ ಹೆಸರನ್ನು ಶಾಸ್ತ್ರೀಯ ನಾಮದಲ್ಲಿ ಹೊತ್ತ ಒಂದು ಜಾತಿಯೂ ಅವುಗಳಲ್ಲಿ ಉಂಟು. ಆದರೆ ದೇಶದೇಶಗಳ ಹಣವನ್ನು ಕುಣಿಸಿದ್ದು ಕಡಲ ಸಿಗಡಿ.

ಹೀಗೆ ಕಡಲಿಗೂ ಅಳಿವೆಗೂ ನಡುವೆ ಹೋಗಿಬರುವ ಪ್ರಾಣಿಯನ್ನು ಹಿಡಿಯಲು ದೋಣಿಯೇ ಬೇಕೆಂದಿಲ್ಲ. ಅದು ಬರುವ ದಾರಿಯಲ್ಲಿ ಒಂದು ಬಾಗಿಲನ್ನಿಟ್ಟು ಕಾದರೆ ಸಾಕು. ನಮ್ಮ ನಾಡಿನಲ್ಲಿ ಈ ಬಾಗಿಲನ್ನು ಅತ್ಯಂತ ಜಾಣ್ಮೆಯಿಂದ ಇಟ್ಟವರು ಉತ್ತರ ಕನ್ನಡದ ಅಘನಾಶಿನಿ ತೀರದ ರೈತರು. ಅಲ್ಲಿಯ ಗದ್ದೆಗಳಿಗೆ ‘ಗಜನಿ’ ಎಂದು ಹೆಸರು. ಗಜನಿ ಎಂದೊಡನೆ ಇತಿಹಾಸ ಓದಿದವರಿಗೆ ಸುಲ್ತಾನ ಮಹಮೂದನ ನೆನಪಾಗಬಹುದು. ಅವನಿಗೂ ಇದಕ್ಕೂ ಸಂಬಂಧವಿಲ್ಲ. ಉಬ್ಬರ ಬಂದಾಗ ಮುಳುಗುವ ಅಳಿವೆಯ ತಗ್ಗು ನೆಲಕ್ಕೆ ಮಣ್ಣು ಕಲ್ಲುಗಳ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆಯ ತೂಬುಗಳನ್ನಿಟ್ಟು ಮಾಡಿಕೊಂಡ ಜಮೀನೇ ಗಜನಿ. ಗೋವೆಯಲ್ಲಿ ಇದನ್ನು ಖಾಜನ್ ಎನ್ನುತ್ತಾರೆ. ಕೇರಳದ ಪೊಕ್ಕಾಳಿ ಗದ್ದೆಗಳೂ ಇದೇ ಜಾತಿಯವು. ಯಶವಂತ ಚಿತ್ತಾಲರ ಕಥೆಗಳ ಮೂಲಕ ಹನೇಹಳ್ಳಿಯ ಪರಿಸರವನ್ನು ಬಲ್ಲ ಓದುಗರಿಗೆ ಈ ನೀರು ನೆಲಗಳ ಸೀಮೆ ತೀರ ಅಪರಿಚಿತವಾಗಿರಲಾರದು. ಮಿರ್ಜಾನ, ಹೆಗಡೆ, ಮಾಸೂರು, ಮಾಣಿಕಟ್ಟಾ, ಐಗಳಕುರ್ವೆ ಮೊದಲಾದ ಊರುಗಳು ಅಘನಾಶಿನಿಯ ಹಿನ್ನೀರಿನ ಸುತ್ತ ಇವೆ. ಅಣೆಕಟ್ಟಿಲ್ಲದೆ ಕಡಲನ್ನು ಸೇರುವ ನಮ್ಮ ಕೆಲವೇ ನದಿಗಳಲ್ಲಿ ಇದೊಂದು. ಮಲೆನಾಡಿನ ಮೆಕ್ಕಲು ತಡೆಯಿಲ್ಲದೆ ಬಂದು ಇಲ್ಲಿ ಹರಡುತ್ತದೆ.

ಗಜನಿಯ ವರ್ಷದಲ್ಲಿ ಎರಡು ಭಾಗ. ಜೂನ್ ತಿಂಗಳ ಮಳೆ ಸುರಿದು ನೆಲದ ಉಪ್ಪನ್ನು ತೊಳೆದೊಡನೆ ತೂಬನ್ನು ಮುಚ್ಚಿ, ಮೊಳಕೆ ಬಂದ ಕಗ್ಗದ ಬೀಜವನ್ನು ಚೆಲ್ಲುತ್ತಾರೆ. ಕಗ್ಗ ಎಂಬುದು ಆ ನೆಲಕ್ಕೇ ಒಗ್ಗಿದ ಭತ್ತ. ಆಳೆತ್ತರ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು, ಸ್ವಲ್ಪ ಉಪ್ಪನ್ನೂ ಸಹಿಸುತ್ತದೆ. ಗೊಬ್ಬರವನ್ನು ಕೇಳದು, ಅದನ್ನು ನದಿಯೇ ತಂದು ಹಾಕುತ್ತದೆ. ನಮ್ಮ ಕಮಲಾಪುರದ ಕೆಂಪು ಬಾಳೆ ಹೇಗೆ ಆ ಮಣ್ಣನ್ನು ಬಿಟ್ಟರೆ ಅದೇ ರುಚಿಯನ್ನು ಕೊಡದೋ, ಕಗ್ಗವೂ ಹಾಗೆಯೇ ತನ್ನ ಕೆಸರನ್ನು ಬಿಟ್ಟರೆ ಸಾಮಾನ್ಯ ಭತ್ತ. ಅಕ್ಟೋಬರ್ ನವಂಬರದ ಹೊತ್ತಿಗೆ ತೆನೆಯನ್ನು ಮಾತ್ರ ಕೊಯ್ದು, ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ. ಆಮೇಲೆ ತೂಬು ತೆರೆಯುತ್ತದೆ. ಉಪ್ಪುನೀರು ಒಳಬರುತ್ತದೆ, ನೀರಿನೊಡನೆ ಸಿಗಡಿಯ ಮರಿ, ಮೀನಿನ ಮರಿ, ಏಡಿಗಳು ಬರುತ್ತವೆ. ಕೊಳೆತ ಹುಲ್ಲಿನ ಸುತ್ತ ಹುಟ್ಟಿದ ಸೂಕ್ಷ್ಮ ಜೀವಿಗಳು ಅವುಗಳ ಆಹಾರ. ಬೇಸಿಗೆಯವರೆಗೂ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತಗಳಲ್ಲಿ ತೂಬಿಗೆ ಬಲೆಯೊಡ್ಡಿ, ಹೊರಗೆ ಹರಿಯುವ ನೀರಿನಿಂದ ಬೆಳೆದ ಸಿಗಡಿಯನ್ನು ಸೋಸಿಕೊಳ್ಳುವುದು. ಮೇ ಕೊನೆಗೆ ನೀರನ್ನು ಬಸಿದು ನೆಲವನ್ನು ಒಣಗಿಸಿ ಮತ್ತೆ ಮಳೆಗಾಗಿ ಕಾಯುವುದು.

ಇಲ್ಲಿ ಅಕ್ಕಿ ಸಿಗಡಿಗೆ ಉಣಿಸುತ್ತದೆ, ಸಿಗಡಿ ಅಕ್ಕಿಯ ನೆಲವನ್ನು ಹಸನು ಮಾಡುತ್ತದೆ. ತೂಬಿನ ಹಲಗೆಯನ್ನು ಎತ್ತುವ ಇಳಿಸುವ ದಿನವನ್ನು ನಿರ್ಣಯಿಸುವವರು ಯಾರೋ ಅವರೇ ಗಜನಿಯ ನಿಜವಾದ ಒಡೆಯರು. ನಾಲ್ಕಾರು ಎಕರೆಯ ಒಬ್ಬ ರೈತ ತನ್ನ ಗದ್ದೆಗೆ ಮಾತ್ರ ನೀರು ಬೇಡವೆನ್ನಲಾರ. ಒಂದು ಒಡ್ಡಿನ ಒಳಗಿನವರೆಲ್ಲರಿಗೂ ನೀರು ಒಂದೇ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಹಿಂದಿನ ಕಾಲದಲ್ಲಿ ಸಿಗಡಿಗೆ ದೊಡ್ಡ ಬೆಲೆಯಿರಲಿಲ್ಲ. ಹಸಿಯದು ಹತ್ತು ಹನ್ನೆರಡು ಮೈಲಿಯಾಚೆ ಹೋಗುವ ಮೊದಲೇ ಕೆಡುತ್ತಿತ್ತು. ಆದ್ದರಿಂದ ಪಶ್ಚಿಮ ಕರಾವಳಿಯಲ್ಲೆಲ್ಲ ಅದನ್ನು ಬೇಯಿಸಿ ಅಥವಾ ಹಾಗೆಯೇ ಬಿಸಿಲಿಗೆ ಹರಡಿ ಒಣಗಿಸುತ್ತಿದ್ದರು. ಒಣ ಸಿಗಡಿ ಘಟ್ಟ ಹತ್ತಿ ಬಯಲುಸೀಮೆಯ ಸಂತೆಗಳಿಗೆ ಬರುತ್ತಿತ್ತು. ಮಲಬಾರಿನ ಬಂದರುಗಳಿಂದ ಬರ್ಮಾ, ಸಿಂಹಳಗಳಿಗೂ ಹೋಗುತ್ತಿತ್ತು. ಬರ್ಮಾದ ಕೂಲಿಯ ಅನ್ನಕ್ಕೆ ಅದು ವ್ಯಂಜನ. ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರ.

ಈ ಸ್ಥಿತಿಯನ್ನು ಮಂಜುಗಡ್ಡೆ ಬದಲಿಸಿತು. ೧೯೫೨ರಲ್ಲಿ ಭಾರತ ಮತ್ತು ನಾರ್ವೆ ದೇಶಗಳ ಒಪ್ಪಂದವಾಗಿ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಮೀನುಗಾರಿಕೆಯ ಯೋಜನೆಯೊಂದು ಆರಂಭವಾಯಿತು. ಬಡ ಬೆಸ್ತರ ಆರೋಗ್ಯ, ಆಹಾರ, ಜೀವನಮಟ್ಟಗಳ ಸುಧಾರಣೆ ಅದರ ಘೋಷಿತ ಉದ್ದೇಶ. ೧೯೫೩ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿಯ ಮೊದಲ ಸರಕು ಅಮೆರಿಕಕ್ಕೆ ಹೋಯಿತು. ಅಲ್ಲಿಂದಾಚೆ ಯೋಜನೆಯ ದೃಷ್ಟಿ ಬಡವರ ಊಟದಿಂದ ಪರದೇಶದ ಊಟಕ್ಕೆ ಹೊರಳಿತು. ಸಮುದ್ರದ ತಳವನ್ನು ಗುಡಿಸುವ ಟ್ರಾಲ್ ಬಲೆ, ಯಂತ್ರದ ದೋಣಿ, ಐಸ್ ಕಾರ್ಖಾನೆ ಇವು ಒಂದರ ಹಿಂದೆ ಒಂದು ಬಂದವು. ೧೯೬೦ರ ದಶಕದಲ್ಲಿ ಆ ಯೋಜನೆ ಕಾರವಾರಕ್ಕೂ ವಿಸ್ತರಿಸಿತು. ಮಂಗಳೂರು, ಮಲ್ಪೆಗಳಲ್ಲಿ ಟ್ರಾಲ್ ದೋಣಿಗಳು ಹೆಚ್ಚಿದವು. ಜಪಾನು ೧೯೬೧ರಲ್ಲಿ ಸಿಗಡಿಯ ಆಮದನ್ನು ಮುಕ್ತಗೊಳಿಸಿತು. ೧೯೬೬ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದೇಶವೆಲ್ಲ ಕಳವಳಗೊಂಡಿತು, ಆದರೆ ಡಾಲರಿನಲ್ಲಿ ಬೆಲೆ ಪಡೆಯುವ ಸಿಗಡಿ ವ್ಯಾಪಾರಿಗೆ ಅದು ಹಬ್ಬ. ೧೯೬೯ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ತೆರೆಯಿತು. ೧೯೭೨ರಲ್ಲಿ ಕೊಚ್ಚಿಯಲ್ಲಿ ಸಾಗರೋತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು.

ವ್ಯಾಪಾರ ಸಿಗಡಿಗೆ ಹೊಸ ಭಾಷೆಯನ್ನೇ ತಂದಿತು. ಒಂದು ಪೌಂಡಿಗೆ ಎಷ್ಟು ಸಿಗಡಿ ತೂಗುತ್ತವೆ ಎಂಬುದೇ ಅದರ ಬೆಲೆ. ಇದಕ್ಕೆ ‘ಕೌಂಟ್’ ಎಂದು ಹೆಸರು. ಎಣಿಕೆ ಕಡಿಮೆಯಾದಷ್ಟೂ ಸಿಗಡಿ ದೊಡ್ಡದು, ದರ ಹೆಚ್ಚು. ಶೆಡ್ಡುಗಳಲ್ಲಿ ತಣ್ಣೀರಿನಲ್ಲಿ ಬೆರಳದ್ದಿ ತಲೆ ತೆಗೆದು ಸಿಪ್ಪೆ ಸುಲಿಯುವ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬಂತು. ಸಿಪ್ಪೆಯೂ ವ್ಯರ್ಥವಲ್ಲ, ಅದರಿಂದ ತೆಗೆದ ಕೈಟಿನ್ ಔಷಧ ಪ್ರಸಾಧನಗಳಿಗೆ ಒದಗುತ್ತದೆ. ಇಷ್ಟಾಗಿ, ಹಿಡಿದವರ ಊರಿನ ಒಲೆಯ ಮೇಲೆ ದೊಡ್ಡ ಸಿಗಡಿ ಅಪರೂಪವಾಯಿತು.

ಈಗ ಗಜನಿಗೆ ಮರಳೋಣ. ಉತ್ತರ ಕನ್ನಡ ೧೯೫೬ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಉಪ್ಪುನೀರಿನಿಂದ ಗದ್ದೆಗಳನ್ನು ಕಾಯಲು ಆ ಸರಕಾರ ೧೯೪೮ರಲ್ಲೇ ಖಾರ್ ಜಮೀನುಗಳ ಕಾಯಿದೆ ಮಾಡಿತ್ತು. ಮುಂದೆ ಸರಕಾರದ ಖರ್ಚಿನಲ್ಲಿ ಕಾಯಂ ಒಡ್ಡುಗಳೂ ಆದವು. ಅದೇ ಜಿಲ್ಲೆಯಲ್ಲಿ ಗೇಣಿದಾರರ ಚಳವಳಿಯನ್ನು ಕಟ್ಟಿದವರು ದಿನಕರ ದೇಸಾಯಿಯವರು. ಚುಟುಕಗಳ ಕವಿಯೆಂದು ನಾವು ಅವರನ್ನು ಬಲ್ಲೆವು. ಆದರೆ ಅಂಕೋಲೆ, ಕುಮಟೆಗಳ ಒಕ್ಕಲುಗಳು ಅವರನ್ನು ಬಲ್ಲದ್ದು ಬೇರೊಂದು ಕಾರಣಕ್ಕೆ. ರೈತರನ್ನು ಸಂಘಟಿಸಿದ ತಪ್ಪಿಗೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತ್ತು. ೧೯೭೪ರ ಮಾರ್ಚಿ ೧ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ನೆಲದ ಒಡೆಯನಾದ. ಗಜನಿಯ ಗೇಣಿದಾರನಿಗೂ ಪಟ್ಟಾ ಸಿಕ್ಕಿತು.

ಸಿಕ್ಕಿದ್ದು ಮಣ್ಣಿನ ಪಟ್ಟಾ. ನೀರಿನ ಬಾಗಿಲಿನ ಪಟ್ಟಾ ಯಾರಿಗೆ ಎಂಬ ಪ್ರಶ್ನೆಯನ್ನು ಕಾನೂನು ಕೇಳಿರಲಿಲ್ಲ. ಸಿಗಡಿಯ ಬೆಲೆ ಏರುತ್ತ ಹೋದಂತೆ ಬೇಸಿಗೆಯ ಮೀನು ಹಿಡಿಯುವ ಹಕ್ಕಿನ ಹರಾಜು ಅಕ್ಕಿಯ ಹುಟ್ಟುವಳಿಯನ್ನು ಮೀರಿಸತೊಡಗಿತು. ಗುತ್ತಿಗೆ ಹಿಡಿದವನಿಗೆ ಕೊಯ್ಲಿಗೆ ಮುಂಚೆಯೇ ತೂಬು ತೆರೆದರೆ ಲಾಭ, ಮೇ ತಿಂಗಳಲ್ಲಿ ಮುಚ್ಚದಿದ್ದರೆ ಇನ್ನೂ ಲಾಭ. ತಡವಾಗಿ ಬಸಿದ ನೆಲದಲ್ಲಿ ಉಪ್ಪು ಉಳಿಯುತ್ತದೆ, ಮೊಳಕೆ ಸುಟ್ಟುಹೋಗುತ್ತದೆ. ಎರಡು ವರ್ಷ ಬೆಳೆ ಹೋದವನು ಮೂರನೆಯ ವರ್ಷ ಬಿತ್ತುವುದಿಲ್ಲ; ಗುತ್ತಿಗೆಯ ಪಾಲನ್ನು ತೆಗೆದುಕೊಂಡು ಸುಮ್ಮನಾಗುತ್ತಾನೆ. ಗಜನಿಯ ರೈತ ನೆಲವನ್ನು ಮಾರಲಿಲ್ಲ, ಯಾರೂ ಕಸಿದುಕೊಳ್ಳಲೂ ಇಲ್ಲ. ಕಾಗದದಲ್ಲಿ ಒಡೆತನವೆಲ್ಲ ಅವನದೇ. ಹಲಗೆ ಎತ್ತುವ ದಿನ ಮಾತ್ರ ಅವನ ಕೈಯಲ್ಲಿ ಉಳಿಯಲಿಲ್ಲ. ಕೇರಳದ ಪೊಕ್ಕಾಳಿ ಸೀಮೆಯಲ್ಲಿಯೂ ಇದೇ ಆಯಿತು. ‘ಒಂದು ನೆಲ್ಲು ಒಂದು ಮೀನು’ ಎಂಬ ನಿಯಮವನ್ನು ಅಲ್ಲಿ ಸರಕಾರವೇ ಘೋಷಿಸಬೇಕಾಯಿತು.

ಇಷ್ಟರಲ್ಲಿ ಸಿಗಡಿಗೆ ಅಳಿವೆಯ ಹಂಗೂ ತಪ್ಪುತ್ತ ಬಂದಿತ್ತು. ಜಪಾನಿನ ಮೊಟೊಸಾಕು ಫುಜಿನಾಗಾ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿಯೇ ತೊಟ್ಟಿಯಲ್ಲಿ ಸಿಗಡಿಯಿಂದ ತತ್ತಿಯಿಡಿಸಿ ಮರಿ ಮಾಡಿಸಿದ್ದ. ಆ ವಿದ್ಯೆ ಏಷ್ಯಾದಲ್ಲೆಲ್ಲ ಹರಡಿ, ೧೯೯೦ರ ಸುಮಾರಿಗೆ ಮೈಮೇಲೆ ಪಟ್ಟೆಯಿರುವ ಹುಲಿಸಿಗಡಿಯನ್ನು ಕೊಳಗಳಲ್ಲಿ ಸಾಕುವ ಉದ್ಯಮವಾಗಿ ನಮ್ಮ ತೀರಕ್ಕೆ ಬಂತು. ಹಿಂಡಿಯ ಆಹಾರ, ಗಾಳಿ ಬೀಸುವ ಯಂತ್ರ, ಸುಣ್ಣ, ಔಷಧಿ. ವರ್ಷಕ್ಕೆ ಎರಡು ಬೆಳೆ. ದೊಡ್ಡ ಕಂಪನಿಗಳು ಆಂಧ್ರ, ತಮಿಳುನಾಡುಗಳಲ್ಲಿ ನೂರಾರು ಎಕರೆ ಭತ್ತದ ಭೂಮಿಯನ್ನು ಕೊಂಡವು. ಕುಮಟೆಯ ಗಜನಿಗಳಲ್ಲಿಯೂ ಸಾಲ ತಂದು ಕೊಳ ತೋಡಿದವರಿದ್ದರು.

೧೯೯೪ರ ಕೊನೆಗೆ ಬಿಳಿಚುಕ್ಕೆ ರೋಗ ಬಂತು. ಕವಚದ ಮೇಲೆ ಸುಣ್ಣ ಸಿಡಿದಂತೆ ಚುಕ್ಕೆ. ಮೂರರಿಂದ ಹತ್ತು ದಿನಗಳೊಳಗೆ ಕೊಳಕ್ಕೆ ಕೊಳವೇ ಸತ್ತು ದಡಕ್ಕೆ ಬೀಳುವುದು. ಎರಡು ವರ್ಷ ಮೊದಲು ಪೂರ್ವ ಏಷ್ಯಾದಲ್ಲಿ ಕಾಣಿಸಿದ್ದ ಈ ವೈರಸ್ಸು ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ದಾಟಲು ಹೆಚ್ಚು ಕಾಲ ಹಿಡಿಯಲಿಲ್ಲ. ನಮ್ಮ ದೇಹದಂತೆ ಹಳೆಯ ರೋಗವನ್ನು ನೆನಪಿಟ್ಟು ಹೋರಾಡುವ ಶಕ್ತಿ ಕಠಿಣಚರ್ಮಿಗಳಿಗಿಲ್ಲ. ಆದ್ದರಿಂದ ನಮ್ಮ ಲಸಿಕೆಯಂಥದು ಅವಕ್ಕೆ ನಾಟದು. ಅಳಿವೆಯ ಏಡಿಗಳೂ ಈ ವೈರಸ್ಸನ್ನು ಹೊತ್ತು ತಿರುಗುತ್ತವೆ. ಒಬ್ಬನ ಕೊಳದ ಕೊಳಚೆ ನೀರು ಇನ್ನೊಬ್ಬನ ತೂಬಿನ ಉಬ್ಬರವಾಗಿ ಬರುವ ಗಜನಿಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಸಾಲ ಉಳಿಯಿತು, ತೋಡಿದ ಹೊಂಡ ಉಳಿಯಿತು.

ಗಾಂಧೀವಾದಿ, ಸರ್ವೋದಯದ ಹಿರಿಯ ಎಸ್. ಜಗನ್ನಾಥನ್ ಅವರು ತಮಿಳುನಾಡಿನಿಂದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ೧೯೯೬ರ ಡಿಸೆಂಬರ್ ೧೧ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಸಗೀರ್ ಅಹ್ಮದ್ ಅವರು ತೀರ್ಪಿತ್ತರು. ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೊಳಗಳನ್ನು ೧೯೯೭ರ ಮಾರ್ಚಿ ೩೧ರೊಳಗೆ ಕೆಡವಬೇಕು. ಸಾಗುವಳಿಯ ಭೂಮಿಯನ್ನೂ ಉಪ್ಪಿನಾಗರವನ್ನೂ ಕಾಂಡ್ಲಾ ಕಾಡನ್ನೂ ಊರೊಟ್ಟಿನ ನೆಲವನ್ನೂ ಸಿಗಡಿ ಕೊಳವಾಗಿ ಮಾಡಕೂಡದು. ಪಾರಂಪರಿಕ ಪದ್ಧತಿಗಳಿಗೆ ವಿನಾಯಿತಿ. ನನ್ನ ದೃಷ್ಟಿಯಲ್ಲಿ ಇದು ನಮ್ಮ ನ್ಯಾಯಾಲಯಗಳಿಂದ ಬಂದ ದಿಟ್ಟ ತೀರ್ಪುಗಳಲ್ಲಿ ಒಂದು. ಕೆಡವುವ ಕೆಲಸ ಮಾತ್ರ ತೀರ್ಪಿನ ವೇಗದಲ್ಲಿ ನಡೆಯಲಿಲ್ಲ. ೨೦೦೫ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಿ, ಉದ್ಯಮವನ್ನು ಒಂದು ಪ್ರಾಧಿಕಾರದ ನೋಂದಣಿಗೆ ಒಳಪಡಿಸಿ ಹಳೆಯ ಕಟ್ಟನ್ನು ಸಡಿಲಿಸಿತು. ೨೦೦೯ರಲ್ಲಿ ಶಾಂತಸಾಗರದ ಆಚೆಯ ಅಮೆರಿಕ ತೀರದ ವನ್ನಾಮೆ ಸಿಗಡಿಯನ್ನು ಸಾಕಲು ಅನುಮತಿ ದೊರೆಯಿತು. ಅದು ನಮ್ಮ ಹುಲಿಸಿಗಡಿಯನ್ನು ಮೂಲೆಗೆ ಒತ್ತಿ ಆಂಧ್ರದ ಕೊಳಗಳನ್ನು ತುಂಬಿತು.

೨೦೨೩-೨೪ರಲ್ಲಿ ಭಾರತ ಹೊರಗೆ ಕಳಿಸಿದ ಕಡಲುತ್ಪನ್ನದ ಬೆಲೆ ೬೦,೫೨೩ ಕೋಟಿ ರೂಪಾಯಿ. ಅದರಲ್ಲಿ ೪೦,೦೧೩ ಕೋಟಿ ಹೆಪ್ಪುಗಟ್ಟಿಸಿದ ಸಿಗಡಿಯದೇ. ತೂಕ ಏಳು ಲಕ್ಷ ಟನ್ನಿಗೂ ಮೀರಿತ್ತು; ಸುಮಾರು ಮೂರು ಲಕ್ಷ ಟನ್ನನ್ನು ಅಮೆರಿಕವೊಂದೇ ಕೊಂಡಿತು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿಯ ಪಾಡು ಏನೆಂಬುದು ೨೦೨೫ರ ಆಗಸ್ಟಿನಲ್ಲಿ ತಿಳಿಯಿತು. ಆ ತಿಂಗಳು ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ನೂರಕ್ಕೆ ಐವತ್ತಕ್ಕೆ ಏರಿಸಿತು. ವಾಷಿಂಗ್ಟನ್ನಿನ ಸಹಿ ಭೀಮಾವರದ ಕೊಳದ ದಡದಲ್ಲಿ ದರವಾಗಿ ಇಳಿಯಿತು.

ಅಘನಾಶಿನಿಯ ಗಜನಿ ಈ ದೊಡ್ಡ ಲೆಕ್ಕದಲ್ಲಿ ಒಂದು ಹನಿಯೂ ಅಲ್ಲ. ೨೦೨೪ರ ಆರಂಭದಲ್ಲಿ ಆ ಅಳಿವೆಯ ೪,೮೦೧ ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಚಿಪ್ಪು ಆಯುವುದು, ಏಡಿ ಹಿಡಿಯುವುದು, ಸಾಣಿಕಟ್ಟೆಯ ಉಪ್ಪು, ಸಿಗಡಿ, ಭತ್ತ ಇವುಗಳಿಂದ ಆರು ಏಳು ಸಾವಿರ ಕುಟುಂಬಗಳು ಅಲ್ಲಿ ಬದುಕುತ್ತವೆಂದು ಅದರ ದಾಖಲೆ ಹೇಳುತ್ತದೆ. ಆದರೆ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಸೋರುವ ಒಡ್ಡು ನಿಲ್ಲದು. ಒಡ್ಡು ಒಡೆದ ಗಜನಿಯೊಳಗೆ ಮಳೆಗಾಲದಲ್ಲಿಯೂ ಉಪ್ಪುನೀರು ನುಗ್ಗಿ ಕಗ್ಗ ನಿಲ್ಲುವುದಿಲ್ಲ. ಬಿತ್ತದೆ ಬಿಟ್ಟ ವರ್ಷ ಬೀಜವೂ ಹೋಗುತ್ತದೆ. ಉಪ್ಪುನೆಲದ ಈ ಭತ್ತಕ್ಕೆ ಬದಲಾಗಿ ಪೇಟೆಯ ಬೀಜದಂಗಡಿಯಲ್ಲಿ ಕೊಳ್ಳಬಹುದಾದ ತಳಿಯಿಲ್ಲ. ಮಾಣಿಕಟ್ಟಾದ ರೈತರು ಊರೊಟ್ಟಾಗಿ ಒಡ್ಡನ್ನು ನೋಡಿಕೊಂಡು, ಕಗ್ಗವನ್ನು ಬೆಳೆಯುತ್ತ ಅದರ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ. ಬೀಜ ಕಳೆದುಕೊಂಡ ಸುತ್ತಲಿನ ಊರಿನವರು ಮತ್ತೆ ಬಿತ್ತಬೇಕೆಂದಾಗ ಅವರ ಬಾಗಿಲಿಗೇ ಬರಬೇಕಾಗಿದೆ. ಮತ್ತು ಬಿತ್ತುವ ಮುನ್ನ, ತಮ್ಮ ಒಡ್ಡಿನೊಳಗಿನ ಎಲ್ಲರೊಡನೆ ಕುಳಿತು ತೂಬು ಮುಚ್ಚುವ ದಿನ ಯಾವುದೆಂದು ಒಪ್ಪಿಕೊಳ್ಳಬೇಕಾಗಿದೆ.